ಹಳೇ ಟಿವಿ ಗೇಮ್ ಇನ್ನೂ ಓಡುತ್ತಿದೆ, ಹೊಸದು ಯಾಕೆ ಕೈಕೊಟ್ಟಿತು?

ಪ್ರಶ್ನೆ: ಸರ್, ನಾವು ತೀರ್ಥಹಳ್ಳಿ ಹತ್ತಿರದವರು. ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪಯ್ಯ ಶಿವಮೊಗ್ಗದಿಂದ ಕ್ಯಾಸೆಟ್ ಹಾಕಿ ಆಡುವ ಟಿವಿ ಗೇಮ್ ತಂದಿದ್ದರು. ಅದು ಇವತ್ತಿಗೂ ಆನ್ ಆಗುತ್ತದೆ. ಮಗನಿಗೆ ಅಷ್ಟೊಂದು ದುಡ್ಡು ಕೊಟ್ಟು ತಂದ ಹೊಸ ಕನ್ಸೋಲ್ ಮಾತ್ರ ಮೂರು ಮಳೆಗಾಲ ಕಾಣುವುದರೊಳಗೆ ನಿಂತುಹೋಯಿತು. ಈಗಿನವನ್ನು ಬೇಕಂತಲೇ ಬಾಳಿಕೆ ಬಾರದ ಹಾಗೆ ಮಾಡ್ತಾರಾ? ರಿಪೇರಿ ಮಾಡಿಸಲೋ, ಬಿಸಾಡಲೋ?

ಉತ್ತರ: ಬಿಸಾಡಬೇಡಿ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ನಿಮ್ಮ ಹಳೇ ಪೆಟ್ಟಿಗೆ. ಆಗ ನಮ್ಮ ಕಡೆ ಸಿಗುತ್ತಿದ್ದ ಕ್ಯಾಸೆಟ್ ಗೇಮ್‌ಗಳಲ್ಲಿ ಹೆಚ್ಚಿನವು ನಿಂಟೆಂಡೊ 1983ರಲ್ಲಿ ಜಪಾನಿನಲ್ಲಿ ಬಿಟ್ಟ ಫ್ಯಾಮಿಕಾಮ್‌ನ ನಕಲುಗಳು. ಅದರೊಳಗೆ ಫ್ಯಾನ್ ಇಲ್ಲ, ತಿರುಗುವ ಡಿಸ್ಕ್ ಇಲ್ಲ, ಇಂಟರ್ನೆಟ್ ಬೇಕಿಲ್ಲ. ತಿನ್ನುವ ಕರೆಂಟು ಹತ್ತು ವ್ಯಾಟ್ ಆಸುಪಾಸು. ಈಗಿನ ಕನ್ಸೋಲ್‌ಗಳಲ್ಲಿ ಒಂದಾದ ಸೋನಿಯ ಪ್ಲೇಸ್ಟೇಷನ್ 5 (ಪಿಎಸ್5) ದೊಡ್ಡ ಗೇಮ್ ಓಡಿಸುವಾಗ 200 ವ್ಯಾಟ್ ಹತ್ತಿರ ಎಳೆಯುತ್ತದೆ, ಅಷ್ಟೂ ಶಾಖವಾಗಿ ಆ ಪೆಟ್ಟಿಗೆಯಿಂದಲೇ ಹೊರಗೆ ಹೋಗಬೇಕು. ಹೋಗದೆ ಒಳಗೇ ಉಳಿದರೆ ಏನಾಗುತ್ತದೆ ಹೇಳಿ. ಹಳೆಯದರಲ್ಲಿ ಕೆಡುವ ಸಾಮಾನೇ ಕಡಿಮೆ ಇತ್ತು, ಅಲ್ವಾ?

ಇನ್ನೊಂದು ಮಾತಿದೆ. ಅಜ್ಜನ ಕಾಲದ ಬೀಟೆ ಮಂಚ ಇನ್ನೂ ಗಟ್ಟಿ ಇದೆ ಅಂತ ಆ ಕಾಲದ ಮಂಚಗಳೆಲ್ಲ ಗಟ್ಟಿ ಅನ್ನಲಾಗುವುದಿಲ್ಲ, ವರಲೆ ತಿಂದವು ಈಗ ಕಣ್ಣಿಗೆ ಬೀಳುವುದಿಲ್ಲ. ಗೇಮ್‌ಗಳದೂ ಅದೇ ಕಥೆ. 1985ರಲ್ಲಿ ಅಮೆರಿಕದಲ್ಲಿ ಬಂದ ಎನ್‌ಇಎಸ್‌ನಲ್ಲಿ (ಫ್ಯಾಮಿಕಾಮ್‌ನದೇ ಅಮೆರಿಕದ ರೂಪ) ಕ್ಯಾಸೆಟ್ ಕೂರುವ 72 ಪಿನ್ನಿನ ಕನೆಕ್ಟರ್ ಸಡಿಲವಾಗಿ ಕೆಂಪು ದೀಪ ಮಿಣುಕುತ್ತಿತ್ತು. ಜನ ಕ್ಯಾಸೆಟ್ ತೆಗೆದು ಬಾಯಲ್ಲಿ ಊದಿ ಮತ್ತೆ ಹಾಕುತ್ತಿದ್ದರು. (ನೀವೂ ಊದಿರುತ್ತೀರಿ. ಇನ್ನು ಊದಬೇಡಿ, ಉಸಿರಿನ ತೇವಕ್ಕೆ ಪಿನ್ ಕಿಲುಬು ಹಿಡಿಯುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಹತ್ತಿಯಲ್ಲಿ ಒರೆಸಿ.) 1994ರ ಮೊದಲ ಪ್ಲೇಸ್ಟೇಷನ್‌ನ ಆರಂಭದ ಮಾಡೆಲ್‌ಗಳಲ್ಲಿ ಲೇಸರ್ ಭಾಗ ಬಿಸಿಗೆ, ಸವೆತಕ್ಕೆ ಕೈಕೊಡುತ್ತಿತ್ತು, ಡಿಸ್ಕ್ ಓದಲಿ ಅಂತ ಪೆಟ್ಟಿಗೆಯನ್ನೇ ತಲೆಕೆಳಗೆ ಇಟ್ಟು ಆಡಿದವರಿದ್ದಾರೆ.

ನನ್ನ ಲೆಕ್ಕದಲ್ಲಿ ತೀರಾ ಕೆಟ್ಟ ಕಾಲ ಅಂದರೆ ನಡುವಿನದು. 2005ರಲ್ಲಿ ಬಂದ ಎಕ್ಸ್‌ಬಾಕ್ಸ್ 360 ಬಿಸಿಯಾಗಿ, ತಣ್ಣಗಾಗಿ, ಮತ್ತೆ ಬಿಸಿಯಾಗಿ, ಕೊನೆಗೆ ಚಿಪ್‌ನ ಸಣ್ಣ ಸಣ್ಣ ಬೆಸುಗೆಗಳು ಬಿರುಕು ಬಿಟ್ಟು ಮುಂದೆ ಕೆಂಪು ದೀಪದ ಉಂಗುರ ತೋರಿಸಿ ಸಾಯುತ್ತಿತ್ತು. 2007ರಲ್ಲಿ ಮೈಕ್ರೋಸಾಫ್ಟ್ ಆ ತೊಂದರೆಗೆ ವಾರಂಟಿಯನ್ನು 3 ವರ್ಷಕ್ಕೆ ಏರಿಸಿತು, ಅದಕ್ಕೆ 100 ಕೋಟಿ ಡಾಲರಿಗೂ ಜಾಸ್ತಿ ಖರ್ಚು ತೋರಿಸಬೇಕಾಯಿತು. ಆ ಪೆಟ್ಟು ಎಲ್ಲರಿಗೂ ಪಾಠವಾಯಿತು ಅಂತ ಕಾಣುತ್ತದೆ. ಪಿಎಸ್5 ಅಷ್ಟು ದೊಡ್ಡದಾಗಿರುವುದು ಸುಮ್ನೆ ಅಲ್ಲ, ಒಳಗೆ ಅಷ್ಟು ದೊಡ್ಡ ಫ್ಯಾನ್ ಮತ್ತು ಶಾಖ ಹೀರಿ ಹೊರಗೆ ಬಿಡುವ ಲೋಹದ ಹೀಟ್‌ಸಿಂಕ್ ಇದೆ. ಧೂಳು ಎಳೆದು ತೆಗೆಯಲು ಬೇರೆ ತೂತು ಕೂಡ ಕೊಟ್ಟಿದ್ದಾರೆ. ಹಾಗಾಗಿ ಈಗಿನವು ಆಗಿನವಕ್ಕಿಂತ ಗಟ್ಟಿ ಅಂತಲೇ ನನ್ನ ಅಭಿಪ್ರಾಯ.

ನನಗೆ ಸಂಕಟ ಆಗುವುದು ಬೇರೆ ಕಡೆ. ನಿಮ್ಮ ಹಳೇ ಗೇಮ್ ಕೆಟ್ಟರೆ ಬಹಳ ಸಲ 7805 ಅನ್ನುವ, ವೋಲ್ಟೇಜನ್ನು ಹದದಲ್ಲಿಡುವ ಮೂರು ಕಾಲಿನ ರೆಗ್ಯುಲೇಟರ್ ಹಾಕಿದರೆ ಸಾಕು, ರೇಡಿಯೊ ರಿಪೇರಿ ಮಾಡುವವರ ಹತ್ತಿರವೂ ಅದು ಇರುತ್ತದೆ. ಪಿಎಸ್5ರಲ್ಲಿ ಗೇಮ್ ಕೂಡಿಡುವ ಮೆಮೊರಿ ಚಿಪ್‌ಗಳನ್ನು ಮೇನ್ ಬೋರ್ಡಿಗೇ ಬೆಸೆದಿದ್ದಾರೆ. ಡಿಸ್ಕ್ ಡ್ರೈವ್ ಆಯಾ ಬೋರ್ಡಿನ ಜೊತೆ ಜೋಡಿ, ಮೊದಲಿನ ಮಾಡೆಲ್‌ಗಳಲ್ಲಿ ಬೇರೆ ಪೆಟ್ಟಿಗೆಯದನ್ನು ತೆಗೆದು ಹಾಕಿದರೆ ಡಿಸ್ಕ್ ಓದುವುದಿಲ್ಲ. ಇದು ಗಿರಾಕಿಗೆ ಮಾಡುವ ಅನ್ಯಾಯ. ದುಡ್ಡು ಕೊಟ್ಟು ಕೊಂಡವರಿಗೆ ಅದನ್ನು ಊರಲ್ಲೇ ಸರಿಮಾಡಿಸಿಕೊಳ್ಳುವ ಹಕ್ಕು ಇರಲೇಬೇಕು.

ಆದರೂ ನನ್ನ ಟೇಬಲ್ಲಿಗೆ ಸತ್ತಿದೆ ಅಂತ ಬರುವವುಗಳಲ್ಲಿ ಎಷ್ಟೋ ಕಡೆ ಹೋಗಿರುವುದು ಪವರ್ ಸಪ್ಲೈ ಅಥವಾ ಟಿವಿಗೆ ಹೋಗುವ ವೈರ್ ಚುಚ್ಚುವ ಎಚ್‌ಡಿಎಂಐ ಪೋರ್ಟ್, ಅವೆರಡೂ ಬದಲಾಯಿಸಬಹುದಾದವು. ಅದಕ್ಕೇ ಬಿಸಾಡಬೇಡಿ ಅಂದಿದ್ದು.

ಇನ್ನು ನಮ್ಮ ಮಳೆ. ಆಗುಂಬೆಯಲ್ಲಿ ಸರಾಸರಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಬೀಳುತ್ತದೆ, ನಿಮ್ಮೂರಿಗೆ ಅದು ದೂರವೇನಲ್ಲ. ಚಪ್ಪಲಿ, ಬೆಲ್ಟಿಗೆ ಬೂಷ್ಟು ಬರುವ ಮನೆಯಲ್ಲಿ ಸರ್ಕ್ಯೂಟ್ ಬೋರ್ಡ್ ಒಣಗಿರುತ್ತದಾ? ಒಳಗೆ ಕೂತ ಧೂಳು ತೇವ ಹಿಡಿದರೆ ಅದೇ ಕರೆಂಟಿಗೆ ದಾರಿ ಮಾಡಿಕೊಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕನ್ಸೋಲನ್ನು ವಾರಗಟ್ಟಲೆ ಮುಚ್ಚಿಡಬೇಡಿ, ಎರಡು ಮೂರು ದಿನಕ್ಕೊಮ್ಮೆ ಅರ್ಧ ಗಂಟೆ ಆನ್ ಮಾಡಿ, ಆ ಬಿಸಿಗೆ ತೇವ ಆರುತ್ತದೆ. ಮಗನಿಗೆ ಪರೀಕ್ಷೆ, ಆಡುವುದೇ ಬೇಡ ಅಂತಿದ್ದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಬೆಚ್ಚಗಿರುತ್ತದೆ ಅಂತ ಒಲೆ ಮೇಲಿನ ಅಟ್ಟಕ್ಕೆ ಹಾಕಬೇಡಿ, ಹೊಗೆ ಮಸಿಯೆಲ್ಲ ಒಳಗೆ ಹೋಗಿ ಕೂರುತ್ತದೆ.

ಏಪ್ರಿಲ್-ಮೇ ತಿಂಗಳ ಗುಡುಗು ಮಳೆ ಇನ್ನೂ ಅಪಾಯ. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಕೀಳಬೇಕು, ಇಂಟರ್ನೆಟ್ ಕೇಬಲ್ ಕೀಳಬೇಕು, ಟಿವಿಗೆ ಬರುವ ಡಿಶ್ ವೈರೂ ಕೀಳಬೇಕು, ಯಾಕೆಂದರೆ ಸಿಡಿಲಿನ ಕರೆಂಟು ಆ ವೈರ್ ಹಿಡಿದು ಟಿವಿಗೆ, ಟಿವಿಯಿಂದ ಎಚ್‌ಡಿಎಂಐ ಮೂಲಕ ಕನ್ಸೋಲಿಗೆ ಬರುತ್ತದೆ. ಹತ್ತಿರ ಬಿದ್ದ ಸಿಡಿಲನ್ನು ಯಾವ ಸ್ಪೈಕ್ ಗಾರ್ಡೂ ತಡೆಯುವುದಿಲ್ಲ. ಕರೆಂಟು ಹೋಗಿ ಬಂದು ಮಾಡುವ ಮನೆಗೆ ಒಂದು 1 ಕೆವಿಎ ಯುಪಿಎಸ್ ಇರಲಿ. ಗೇಮ್ ಸೇವ್ ಆಗುವ ಹೊತ್ತಿಗೇ ಕರೆಂಟು ಹೋದರೆ ಆಡಿದ್ದೆಲ್ಲ ಹಾಳಾಗಬಹುದು, ಯುಪಿಎಸ್ ಇದ್ದರೆ ಸರಿಯಾಗಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ.

ಪ್ರಶ್ನೆ: ಕಂಟ್ರೋಲರ್ ಮುಟ್ಟದಿದ್ದರೂ ಗೇಮಿನ ಮನುಷ್ಯ ತಾನೇ ಎಡಕ್ಕೆ ನಡೆಯುತ್ತಾನೆ. ಮಕ್ಕಳು ಎಳೆದಾಡಿ ಹಾಳು ಮಾಡಿದ್ದಾರಾ? (ಒಬ್ಬ ತಾಯಿ, ಸಾಗರ)

ಉತ್ತರ: ಮಕ್ಕಳನ್ನು ಬೈಯಬೇಡಿ ಅಕ್ಕಾ. ಹೆಚ್ಚಿನ ಕಂಟ್ರೋಲರ್‌ಗಳ ಸ್ಟಿಕ್ ಒಳಗೆ ಕಾರ್ಬನ್ ಪಟ್ಟಿ ಮೇಲೆ ಲೋಹದ ತುದಿ ಉಜ್ಜುತ್ತಾ ಇರುತ್ತದೆ. ಸವೆದ ಮೇಲೆ ಸ್ಟಿಕ್ ನಡುವೆ ನಿಂತಿದ್ದರೂ ಎಡಕ್ಕಿದೆ ಅಂತ ತಪ್ಪು ಲೆಕ್ಕ ಕೊಡುತ್ತದೆ. 2017ರ ನಿಂಟೆಂಡೊ ಸ್ವಿಚ್‌ನಲ್ಲಿ ಇದು ಎಷ್ಟು ದೊಡ್ಡ ದೂರಾಯಿತು ಅಂದರೆ 2020ರಲ್ಲಿ ಕಂಪನಿಯ ಅಧ್ಯಕ್ಷರಾದ ಶುಂತಾರೊ ಫುರುಕಾವಾ ಅವರೇ ಕ್ಷಮೆ ಕೇಳಿದರು. ಹೊಸಬರ ಸೋಮಾರಿತನ ಅಂತಲೂ ಅಲ್ಲ, 1996ರ ನಿಂಟೆಂಡೊ 64ರ ಸ್ಟಿಕ್ ಕೂಡ ಒಳಗಿನ ಪ್ಲಾಸ್ಟಿಕ್ ಸವೆದು ಜೋಲುತ್ತಿತ್ತು. ನನಗೆ ಬೇಜಾರು ಏನೆಂದರೆ, 1998ರಲ್ಲೇ ಸೆಗಾ ಡ್ರೀಮ್‌ಕಾಸ್ಟ್‌ನ ಸ್ಟಿಕ್‌ನಲ್ಲಿ ಉಜ್ಜುವ ಪಟ್ಟಿಯ ಬದಲು ಅಯಸ್ಕಾಂತದ ಹಾಲ್ ಸೆನ್ಸರ್ ಇತ್ತು. ಗೊತ್ತಿದ್ದ ಪರಿಹಾರವನ್ನು ಬಿಟ್ಟು ಸವೆಯುವುದನ್ನೇ ಮಾರುತ್ತಿದ್ದಾರೆ.

ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಝೋನ್ (ಸ್ಟಿಕ್ ಎಷ್ಟು ಅಲುಗಿದರೂ ಗೇಮ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದು ಅನ್ನುವ ಮಿತಿ) ಇದ್ದರೆ ಸ್ವಲ್ಪ ಹೆಚ್ಚಿಸಿ ನೋಡಿ. ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ ಕೆಲವು ದಿನ ತಡೆಯುತ್ತದೆ, ಅಷ್ಟೇ. ಪೂರ್ತಿ ಸರಿಯಾಗಬೇಕೆಂದರೆ ಸ್ಟಿಕ್ ಬದಲಾಯಿಸಬೇಕು, ಆಗ ಹಾಲ್ ಸೆನ್ಸರ್‌ನದನ್ನೇ ಕೇಳಿ ಹಾಕಿಸಿ.

ಪ್ರಶ್ನೆ: ಅಮೆರಿಕದಲ್ಲಿರುವ ಭಾವ ಅವರ ಹಳೇ ಪಿಎಸ್2 ಕೊಡುತ್ತೇನೆ ಎನ್ನುತ್ತಾರೆ. ತರಿಸಲಾ? (ಶಿವಮೊಗ್ಗ)

ಉತ್ತರ: ತರಿಸಿ. 2000ದಲ್ಲಿ ಬಂದ ಆ ಮಾಡೆಲ್ 16 ಕೋಟಿ ಮಾರಾಟವಾಗಿದೆ, ಬಿಡಿಭಾಗ ಈಗಲೂ ಸಿಗುತ್ತದೆ. ಲೇಸರ್ ಮಂಕಾಗಿರಬಹುದು, ಭಾವನಿಗೆ ಅಲ್ಲೇ ಒಂದೆರಡು ಡಿಸ್ಕ್ ಹಾಕಿ ನೋಡಲು ಹೇಳಿ. ಪ್ಲಗ್ ಹಾಕುವ ಮುಂಚೆ ಹಿಂದಿನ ಲೇಬಲ್ ಓದಿ. 120 ವೋಲ್ಟ್ ಅಂತ ಇದ್ದರೆ ನಮ್ಮ 230ಕ್ಕೆ ನೇರ ಹಾಕಿದ ತಕ್ಷಣ ಸುಟ್ಟುಹೋಗುತ್ತದೆ, ವೋಲ್ಟೇಜ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.