ಒಂದು ಗೇಮ್ ನನ್ನ ಕಂಪ್ಯೂಟರ್‌ನಲ್ಲಿ ಓಡುತ್ತದೆಯೇ ಎಂದು ಕೊಳ್ಳುವ ಮೊದಲೇ ತಿಳಿಯುವುದು ಹೇಗೆ?

ವಿಂಡೋಸ್ ಆದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ವಿಭಾಗದಲ್ಲಿ ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್ ಕಾರ್ಡ್ ವಿವರ ಸಿಗುತ್ತದೆ. ಅದನ್ನು ಗೇಮ್‌ನ ಸ್ಟೀಮ್ (ಗೇಮ್ ಮಾರುವ ಆನ್‌ಲೈನ್ ಅಂಗಡಿ) ಪುಟದ ಕೆಳಗಿರುವ ಸಿಸ್ಟಮ್ ರಿಕ್ವೈರ್‌ಮೆಂಟ್ಸ್ ಜೊತೆ ಹೋಲಿಸಿ. ಮಿನಿಮಮ್ ಅಂದರೆ ಹೇಗೋ ಓಡುತ್ತದೆ, ಅಷ್ಟೇ. ಚೆನ್ನಾಗಿ ಆಡಬೇಕಾದರೆ ರೆಕಮೆಂಡೆಡ್ ಸಾಲನ್ನೇ ನೋಡಿ.

ಜಾಸ್ತಿ ಜನ ಎಡವುವುದು ಗ್ರಾಫಿಕ್ಸ್ ಕಾರ್ಡ್‌ನಲ್ಲಿ. ಹೆಸರಿನಲ್ಲಿ ದೊಡ್ಡ ಸಂಖ್ಯೆ ಇದ್ದರೆ ಕಾರ್ಡ್ ಜೋರು ಎಂದೇನಿಲ್ಲ. ಎನ್ವಿಡಿಯಾದ ಜಿಟಿ 1030ಕ್ಕಿಂತ ಹಳೆಯ ಜಿಟಿಎಕ್ಸ್ 970 ಎಷ್ಟೋ ವೇಗ! ಲ್ಯಾಪ್‌ಟಾಪ್ ಕಾರ್ಡ್ ಕೂಡ ಅದೇ ಹೆಸರಿನ ಡೆಸ್ಕ್‌ಟಾಪ್ ಕಾರ್ಡ್‌ಗಿಂತ ಸಾಮಾನ್ಯವಾಗಿ ನಿಧಾನ. ಸುಮ್ನೆ ಸಂಖ್ಯೆ ನೋಡದೆ ನಿಮ್ಮ ಕಾರ್ಡ್, ಗೇಮ್ ಕೇಳುವ ಕಾರ್ಡ್ ಎರಡರ ಬೆಂಚ್‌ಮಾರ್ಕ್ (ವೇಗ ಪರೀಕ್ಷೆಯ ಅಂಕ) ಹುಡುಕಿ.

ಆಮೇಲೂ ಅನುಮಾನವೇ? ಸ್ಟೀಮ್‌ನಲ್ಲಿ ಕೊಂಡ 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ, ಹಣ ವಾಪಸ್ ಕೇಳಬಹುದು.