ವೃಷಣ ತೆಗೆದ ಇಲಿಯಲ್ಲಿ ಕಿಣ್ವ ಹೆಚ್ಚಿದ್ದೇಕೆ?

ಪುಣೆಯ ನಿಮ್ಮ ಲ್ಯಾಬಿನಲ್ಲಿ ವೃಷಣ ತೆಗೆದ ಗಂಡು ಇಲಿಗಳ ಅಡ್ರಿನಲ್ ಗ್ರಂಥಿಯಲ್ಲಿ (ಮೂತ್ರಪಿಂಡದ ಮೇಲಿರುವ, ಹಾರ್ಮೋನ್ ತಯಾರಿಸುವ ಗ್ರಂಥಿ) 5-ಆಲ್ಫಾ ರಿಡಕ್ಟೇಸ್ ಎಂಬ, ಸ್ಟೀರಾಯ್ಡ್ ಹಾರ್ಮೋನುಗಳ ರೂಪ ಬದಲಿಸುವ ಕಿಣ್ವ ಕಡಿಮೆಯಾಗುವ ಬದಲು ಜಾಸ್ತಿಯಾಗಿದೆ, ಪ್ರಯೋಗ ಕೆಟ್ಟಿತಾ ಎಂದು ಕೇಳಿದ್ದೀರಿ. ಇಲ್ಲ, ಬರಬೇಕಾದದ್ದೇ ಬಂದಿದೆ. ಸುಮ್ನೆ ಗಾಬರಿಯಾಗಬೇಡಿ.

ಮುಂಬೈಯಲ್ಲಿ ನಾನು ಪಾಠ ಮಾಡುವ ಎಂ.ಎಸ್ಸಿ. ಮಕ್ಕಳಿಗೂ ಇದೇ ಗೊಂದಲ. ಎಲ್ಲರೂ ಗಂಡಿನ ಪ್ರಾಸ್ಟೇಟ್ ಗ್ರಂಥಿಯನ್ನು ನೆನಪಿಟ್ಟುಕೊಂಡಿರುತ್ತಾರೆ. ಅಲ್ಲಿ ವೃಷಣದಿಂದ ಬರುವ ಗಂಡು ಹಾರ್ಮೋನ್ ಟೆಸ್ಟೋಸ್ಟೀರಾನ್ ಈ ಕಿಣ್ವವನ್ನು ಹೆಚ್ಚಿಸುತ್ತದೆ. ಇಲಿಯ ಅಡ್ರಿನಲ್‌ನಲ್ಲಿ ತದ್ವಿರುದ್ಧ, ಅದನ್ನು ಅದುಮಿಡುತ್ತದೆ. ವೃಷಣ ಹೋದರೆ ಆ ತಡೆಯೂ ಹೋಯಿತು, ಅಲ್ವಾ? ಆಗ ಅಡ್ರಿನಲ್‌ನ ಒತ್ತಡದ ಹಾರ್ಮೋನ್ ಕಾರ್ಟಿಕೋಸ್ಟೀರಾನ್‌ನ ಹೆಚ್ಚು ಪಾಲು ಈ ಕಿಣ್ವದಿಂದ ಗ್ರಂಥಿಯೊಳಗೇ ರೂಪ ಬದಲಿಸಿ ಕಸುವು ಕಳೆದುಕೊಳ್ಳುತ್ತದೆ. ಹಾಗಾಗಿ ಕಿಣ್ವದ ಜೊತೆ ಕಾರ್ಟಿಕೋಸ್ಟೀರಾನನ್ನೂ ಅಳೆಯಿರಿ.

ಒಂದು ಗುಂಪಿಗೆ ಟೆಸ್ಟೋಸ್ಟೀರಾನ್ ವಾಪಸ್ ಕೊಟ್ಟು ನೋಡಲೇಬೇಕು. ಕಿಣ್ವ ಮತ್ತೆ ಇಳಿದರೆ ನಿಮ್ಮ ವಾದ ಗಟ್ಟಿ. ವೃಷಣ ತೆಗೆಯದೆ ಬರೀ ಕೊಯ್ದು ಹೊಲಿದ ಹೋಲಿಕೆ ಗುಂಪೂ ಇರಲಿ.

ಈ ಇಲಿ (ರ್‍ಯಾಟ್) ಬಿಟ್ಟು ಮೌಸ್ ಎಂಬ ಪುಟ್ಟ ಜಾತಿಯ ಇಲಿಗೆ ಹೋದರೆ ಮಾತ್ರ ಎಚ್ಚರ. ಅದರ ಅಡ್ರಿನಲ್‌ನಲ್ಲಿ ಎಕ್ಸ್-ವಲಯ ಎಂಬ ಒಳಪದರವಿದೆ, ಗಂಡಿನಲ್ಲಿ ಪ್ರಾಯ ಬರುವಾಗ ಆಂಡ್ರೋಜನ್‌ನಿಂದಲೇ (ಟೆಸ್ಟೋಸ್ಟೀರಾನ್‌ನಂಥ ಗಂಡು ಹಾರ್ಮೋನ್) ಅಳಿಯುತ್ತದೆ. ವೃಷಣ ತೆಗೆದರೆ ಅಂಥ ಪದರ ಮತ್ತೆ ಬೆಳೆಯಬಹುದು. ಆಗ ಬದಲಾದದ್ದು ಕಿಣ್ವವೋ ಪದರವೋ ಎಂದು ಗ್ರಂಥಿಯ ಸ್ಲೈಡನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಹೇಳಲಾಗದು.