ತಿಳಿದ ಮೇಲಿನ ಹೊಣೆ

ಮಾನ್ಯರೇ,

ಕಾಯಿಲೆಬಿದ್ದ ನೌಕರರ ಕುರಿತು ನಾವು ಪ್ರಕಟಿಸಿದ್ದ ಲೇಖನವನ್ನು ಓದಿ ನೀವು ಬರೆದ ಮೂರು ಪುಟಗಳ ಪತ್ರ ತಲುಪಿದೆ. ನಿಮ್ಮ ಇಚ್ಛೆಯಂತೆ ಹೆಸರನ್ನೂ ವಿಳಾಸವನ್ನೂ ಬಿಟ್ಟು, ಉಳಿದ ಓದುಗರಿಗಾಗಿ ಅದರ ಸಾರವನ್ನಷ್ಟೇ ಇಲ್ಲಿ ಹೇಳುತ್ತೇನೆ. ನೀವು ಹನ್ನೆರಡು ಮಂದಿ ದುಡಿಯುವ, ರಟ್ಟಿನ ಪೆಟ್ಟಿಗೆ ತಯಾರಿಸುವ ಘಟಕವೊಂದರ ಮಾಲೀಕರು. ಆರು ವರ್ಷಗಳಿಂದ ನಿಮ್ಮಲ್ಲಿ ಕಟಿಂಗ್ ಯಂತ್ರ ನಡೆಸುತ್ತಿರುವ ಕೆಲಸಗಾರರೊಬ್ಬರು ಕಳೆದ ತಿಂಗಳು ಯಂತ್ರದಿಂದ ನಾಲ್ಕು ಹೆಜ್ಜೆ ಆಚೆಗೆ ಮೂರ್ಛೆ ಬಂದು ಬಿದ್ದರು. ಅವರಿಗೆ ಬಹುಕಾಲದಿಂದ ಅಪಸ್ಮಾರವಿದೆ, ಅದಕ್ಕೆ ಮಾತ್ರೆ ನುಂಗುತ್ತಿದ್ದಾರೆ ಎಂಬುದು ಆಸ್ಪತ್ರೆಗೆ ಸೇರಿಸಿದ ಮೇಲಷ್ಟೇ ನಿಮಗೆ ತಿಳಿಯಿತು. ಆಸ್ಪತ್ರೆಯ ಖರ್ಚನ್ನು ನೀವೇ ಭರಿಸಿದಿರಿ. ಈಗ ಅವರು ಕೆಲಸಕ್ಕೆ ಮರಳಬೇಕೆನ್ನುತ್ತಿದ್ದಾರೆ. ನಿಮ್ಮ ಹಿತೈಷಿಗಳು ಲೆಕ್ಕ ಚುಕ್ತಾ ಮಾಡಿ ಕಳುಹಿಸಿಬಿಡಿ ಎನ್ನುತ್ತಿದ್ದಾರೆ. "ನಾನು ವೈದ್ಯನಲ್ಲ. ನನ್ನಿಂದ ಮುಚ್ಚಿಟ್ಟ ಕಾಯಿಲೆಗೆ ನಾನು ಹೇಗೆ ಹೊಣೆ? ಇನ್ನು ಮುಂದೆಯಾದರೂ ಎಲ್ಲಿಯವರೆಗೆ ಹೊಣೆ?" ಎಂದು ಕೇಳಿದ್ದೀರಿ.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ನಿಮಗೆ ತಿಳಿಯದಿದ್ದ, ತಿಳಿಯಲು ದಾರಿಯೂ ಇಲ್ಲದಿದ್ದ ಕಾಯಿಲೆಗೆ ನಿಮ್ಮನ್ನು ಹೊಣೆ ಮಾಡುವುದು ನ್ಯಾಯವಲ್ಲ. ಆದರೆ ನಿಮ್ಮ ಪತ್ರದ ಎರಡನೆಯ ಪುಟದಲ್ಲಿ ಹಾಗೆಯೇ ಬಂದುಹೋಗುವ ಒಂದು ವಾಕ್ಯವನ್ನು ನಾನು ಹಲವು ಸಲ ಓದಿದೆ: "ಆ ವಾರ ದೊಡ್ಡ ಆರ್ಡರ್ ಇದ್ದುದರಿಂದ ಎಲ್ಲರೂ ಎರಡೆರಡು ಪಾಳಿ ಮಾಡುತ್ತಿದ್ದರು." ನಿದ್ದೆಗೆಡುವುದು, ಹೊತ್ತಿಗೆ ಸರಿಯಾಗಿ ಮಾತ್ರೆ ತೆಗೆದುಕೊಳ್ಳದಿರುವುದು, ಇವೆರಡೂ ಅಪಸ್ಮಾರ ಮರುಕಳಿಸಲು ವೈದ್ಯರು ಮೊದಲು ಹೇಳುವ ಕಾರಣಗಳಲ್ಲಿ ಸೇರಿವೆ. ಕಾಯಿಲೆ ನಿಮಗೆ ಗೊತ್ತಿರಲಿಲ್ಲ, ನಿಜ. ಪಾಳಿಯ ಪಟ್ಟಿಯನ್ನು ಬರೆದವರು ಮಾತ್ರ ನೀವೇ. ಇದನ್ನು ದೂಷಣೆಯೆಂದು ತಿಳಿಯಬೇಡಿ. ಆಗ ಗೊತ್ತಿರದ ಸಂಗತಿ ಈಗ ಗೊತ್ತಾಗಿದೆ, ಮುಂದಿನ ಹೊಣೆಯೆಲ್ಲ ಆ ತಿಳಿವಿನಿಂದಲೇ ಹುಟ್ಟುತ್ತದೆ ಎನ್ನುವುದಕ್ಕಾಗಿ ಇದನ್ನು ಎತ್ತಿ ಹೇಳುತ್ತಿದ್ದೇನೆ.

ಬ್ರಿಟನ್ನಿನ ಎರಡು ಮೊಕದ್ದಮೆಗಳು ಈ ಮಾತನ್ನು ನನಗಿಂತ ಚೆನ್ನಾಗಿ ಹೇಳುತ್ತವೆ. ಲಂಡನ್ನಿನ ಸ್ಥಳೀಯ ಆಡಳಿತ ಸಂಸ್ಥೆಯಾದ ಸ್ಟೆಪ್ನಿ ಬರೋ ಕೌನ್ಸಿಲ್‌ನ ಗ್ಯಾರೇಜಿನಲ್ಲಿ ದುಡಿಯುತ್ತಿದ್ದ ಫಿಟ್ಟರ್ ಒಬ್ಬರಿಗೆ ಒಂದೇ ಕಣ್ಣಿನಲ್ಲಿ ದೃಷ್ಟಿಯಿತ್ತು, ಅದು ಕೌನ್ಸಿಲ್‌ಗೆ ತಿಳಿದಿತ್ತು. ಬಿಗಿದು ಕೂತ ಬೋಲ್ಟೊಂದನ್ನು ಸುತ್ತಿಗೆಯಿಂದ ಬಡಿಯುವಾಗ ಲೋಹದ ಚೂರು ಸಿಡಿದು ಉಳಿದ ಕಣ್ಣೂ ಹೋಯಿತು. ಆ ಕೆಲಸಕ್ಕೆ ರಕ್ಷಣೆಯ ಕನ್ನಡಕ ಕೊಡುವ ರೂಢಿಯೇ ಇಲ್ಲ ಎಂದು ಕೌನ್ಸಿಲ್ ವಾದಿಸಿತು. 1950ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾಗಿದ್ದ ಹೌಸ್ ಆಫ್ ಲಾರ್ಡ್ಸ್ ಆ ವಾದವನ್ನು ಒಪ್ಪಲಿಲ್ಲ. ಎರಡು ಕಣ್ಣಿನವರಿಗೆ ಚೂರು ಸಿಡಿಯುವ ಸಂಭವವೆಷ್ಟೋ ಇವರಿಗೂ ಅಷ್ಟೇ ಇರಬಹುದು, ಆದರೆ ಸಿಡಿದರೆ ಆಗುವ ನಷ್ಟ ಒಂದೇ ಅಲ್ಲ; ಮಾಲೀಕನ ಎಚ್ಚರಿಕೆಯ ಹೊಣೆ ಸರಾಸರಿ ಕೆಲಸಗಾರನೆಂಬ ಯಾರೋ ಒಬ್ಬನಿಗಲ್ಲ, ಎದುರಿಗೆ ನಿಂತಿರುವ ಈ ಒಬ್ಬ ವ್ಯಕ್ತಿಗೆ ಸಲ್ಲಬೇಕು ಎಂಬುದು ತೀರ್ಪಿನ ತಿರುಳು. ಐವರು ನ್ಯಾಯಮೂರ್ತಿಗಳಲ್ಲಿ ಇಬ್ಬರು ಇದಕ್ಕೆ ಭಿನ್ನಮತ ಸೂಚಿಸಿದ್ದರೆಂಬುದನ್ನೂ ಹೇಳಬೇಕು, ಪ್ರಶ್ನೆ ಸರಳವಾಗಿರಲಿಲ್ಲ.

ಎರಡನೆಯದು ನಿಮ್ಮ ಸಂದರ್ಭಕ್ಕೆ ಇನ್ನೂ ಹತ್ತಿರದ್ದು. ನಾರ್ಥಂಬರ್ಲೆಂಡ್ ಕೌಂಟಿ ಕೌನ್ಸಿಲ್‌ನಲ್ಲಿ ಮಕ್ಕಳ ರಕ್ಷಣೆಯ ಕೆಲಸ ನೋಡುತ್ತಿದ್ದ ಅಧಿಕಾರಿಯೊಬ್ಬರು ಕೆಲಸದ ಹೊರೆಯಿಂದ 1986ರಲ್ಲಿ ಮಾನಸಿಕವಾಗಿ ಕುಸಿದರು. ಕೆಲ ತಿಂಗಳ ನಂತರ ಮರಳಿದಾಗ ನೆರವಿಗೊಬ್ಬರನ್ನು ಕೊಡುವುದಾಗಿ ಮೇಲಧಿಕಾರಿ ಮಾತು ಕೊಟ್ಟರು. ಆ ನೆರವು ಬೇಗನೆ ನಿಂತುಹೋಯಿತು, ಅವರು ಮತ್ತೆ ಕುಸಿದರು. 1994ರಲ್ಲಿ ನ್ಯಾಯಾಲಯವು ಮೊದಲನೆಯ ಕುಸಿತಕ್ಕೆ ಕೌನ್ಸಿಲನ್ನು ಹೊಣೆ ಮಾಡಲಿಲ್ಲ, ಎರಡನೆಯದಕ್ಕೆ ಮಾಡಿತು. ನೀವೀಗ ನಿಂತಿರುವುದು ಈ ಎರಡು ಕುಸಿತಗಳ ನಡುವಿನ ಜಾಗದಲ್ಲಿ.

ಇದನ್ನು ನಾನು ತೀರ್ಪುಗಳನ್ನು ಓದಿ ಮಾತ್ರ ಹೇಳುತ್ತಿಲ್ಲ. ವರ್ಷಗಳ ಹಿಂದೆ ನನ್ನ ಮೇಲ್ವಿಚಾರಣೆಯಲ್ಲಿ ಕರಡು ತಿದ್ದುವ ಹಿರಿಯರೊಬ್ಬರಿದ್ದರು. ಪುಟಗಳು ಅಚ್ಚಿಗೆ ಹೋಗಬೇಕಾಗಿದ್ದ ಒಂದು ಸಂಜೆ ಅವರು ಎಡ ಅಂಗೈಯಿಂದ ಒಂದು ಕಣ್ಣನ್ನು ಮುಚ್ಚಿಕೊಂಡು, ಸ್ಕೇಲನ್ನು ಸಾಲಿನ ಕೆಳಗಿಟ್ಟು, ಒಂದೇ ಸಾಲನ್ನು ಮತ್ತೆ ಮತ್ತೆ ಓದುತ್ತಿದ್ದರು. ಹಣೆಯ ಬೆವರು ಕರಡಿನ ಮೇಲೆ ಬಿದ್ದು ಕೆಂಪು ಶಾಯಿಯ ತಿದ್ದುಪಡಿ ಹರಡಿಕೊಂಡಿತ್ತು. ನಾನು ನಿಂತಲ್ಲಿಂದಲೇ "ಹುಷಾರಾಗಿದ್ದೀರಿ ತಾನೆ?" ಎಂದೆ. ಅವರು "ಏನಿಲ್ಲ ಸರ್, ಸ್ವಲ್ಪ ತಲೆಭಾರ" ಎಂದರು. ನನಗೆ ಬೇಕಾಗಿದ್ದುದೂ ಅದೇ ಉತ್ತರ, ಮುಂದೆ ನಡೆದೆ. ಅವರಿಗೆ ಪಾರ್ಶ್ವವಾಯು ಬಡಿಯುತ್ತಿತ್ತು. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ಲಕ್ಷಣ ಕಾಣಿಸಿಕೊಂಡ 4.5 ಗಂಟೆಗಳೊಳಗೆ ಕೊಡಬೇಕಂತೆ. ಅದರಲ್ಲಿ ಮೂರು ಗಂಟೆಗಳನ್ನು ಅವರು ನನ್ನ ಕಣ್ಣೆದುರಿನ ಮೇಜಿನ ಮುಂದೆ ಕಳೆದಿದ್ದರು. ಬದುಕಿದರು, ಆದರೆ ಬಲಗೈ ಮತ್ತೆ ಲೇಖನಿ ಹಿಡಿಯಲಿಲ್ಲ. ನಾನೂ ವೈದ್ಯನಲ್ಲ, ರೋಗವನ್ನು ಗುರುತಿಸಬೇಕಾಗಿರಲಿಲ್ಲ. ಕುರ್ಚಿ ಎಳೆದು ಪಕ್ಕದಲ್ಲಿ ಕುಳಿತು, ಪುಟಗಳು ತಡವಾದರೂ ಪರವಾಗಿಲ್ಲ ಎಂದು ಮೊದಲು ಹೇಳಿ, ಆಮೇಲೆ ಕೇಳಬೇಕಾಗಿತ್ತು.

ಈಗ ನಿಮ್ಮ ಕೆಲಸಗಾರರ ವಿಷಯ. ಅವರನ್ನು ಅದೇ ಯಂತ್ರದ ಮುಂದೆ ನಿಲ್ಲಿಸಬೇಕೇ ಎಂಬುದನ್ನು ನೀವೊಬ್ಬರೇ ತೀರ್ಮಾನಿಸಬೇಡಿ, ಹಿತೈಷಿಗಳಿಗಂತೂ ಬಿಡಬೇಡಿ. ಅವರ ಒಪ್ಪಿಗೆ ಪಡೆದು, ಚಿಕಿತ್ಸೆ ನೀಡುವ ವೈದ್ಯರಿಗೆ ಕೆಲಸವನ್ನು ವಿವರಿಸಿ ಬರೆಯಿರಿ: ಬ್ಲೇಡು ಎಲ್ಲಿದೆ, ಎರಡೂ ಕೈಗಳಿಂದ ಗುಂಡಿ ಒತ್ತಿದರೆ ಮಾತ್ರ ಅದು ಇಳಿಯುತ್ತದೆಯೇ, ಎಷ್ಟು ಹೊತ್ತು ನಿಲ್ಲಬೇಕು, ರಾತ್ರಿ ಪಾಳಿ ಇದೆಯೇ. ನೀವು ಕೇಳಬೇಕಾದದ್ದು ಅವರು ಏನು ಮಾಡಬಲ್ಲರು, ಏನನ್ನು ಎಷ್ಟು ಕಾಲ ಮಾಡಬಾರದು ಎಂಬುದನ್ನು, ರೋಗದ ಚರಿತ್ರೆಯನ್ನಲ್ಲ. ಬ್ರಿಟನ್ನಿನಲ್ಲಿ 2010ರಿಂದ ವೈದ್ಯರು ಕೊಡುವ ಪ್ರಮಾಣಪತ್ರದಲ್ಲಿ ಕೆಲಸಕ್ಕೆ ಅನರ್ಹ ಎಂದಷ್ಟೇ ಬರೆಯದೆ, ಇಂತಿಂಥ ಬದಲಾವಣೆ ಮಾಡಿಕೊಟ್ಟರೆ ದುಡಿಯಬಹುದು ಎಂದೂ ಬರೆಯಲು ಅವಕಾಶವಿದೆ. ಅಂಥ ನಮೂನೆ ಇಲ್ಲದ ಕಡೆಯೂ ಆ ಪ್ರಶ್ನೆಯನ್ನು ಕೇಳಲು ಅಡ್ಡಿಯಿಲ್ಲ. ವೈದ್ಯರು ಕೆಲಕಾಲ ಯಂತ್ರ ಬೇಡವೆಂದರೆ ಎಣಿಕೆ, ಅಂಟಿಸುವಿಕೆ, ದಾಸ್ತಾನಿನ ಲೆಕ್ಕ ಇವುಗಳಲ್ಲಿ ಯಾವುದನ್ನು ಕೊಡಬಹುದೆಂದು ಅವರನ್ನೇ ಕೂರಿಸಿಕೊಂಡು ಮಾತಾಡಿ. ಎರಡು ಪಾಳಿಯಂತೂ ಅವರಿಗೆ ಬೇಡವೇ ಬೇಡ.

ಎಲ್ಲಿಯವರೆಗೆ ಎಂದು ಕೇಳಿದಿರಿ. ಮಿತಿಯಿಲ್ಲದ ಹೊಣೆಯನ್ನು ಯಾರೂ ನಿಮ್ಮ ಮೇಲೆ ಹೊರಿಸಿಲ್ಲ. ಅಂಗವಿಕಲರ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2006ರ ಒಡಂಬಡಿಕೆ ಕೂಡ ಅಳತೆ ಮೀರಿದ ಹೊರೆಯಾಗದಂಥ ಸಮಂಜಸ ಹೊಂದಾಣಿಕೆಯನ್ನೇ ಕೇಳುತ್ತದೆ. ಹನ್ನೆರಡು ಮಂದಿಯ ಘಟಕಕ್ಕೂ ಹನ್ನೆರಡು ಸಾವಿರ ಮಂದಿಯ ಕಾರ್ಖಾನೆಗೂ ಅಳತೆ ಒಂದೇ ಆಗಲಾರದು. ಆದರೆ ಪ್ರಯತ್ನವನ್ನೇ ಮಾಡದೆ ಲೆಕ್ಕ ಚುಕ್ತಾ ಮಾಡುವುದನ್ನು ಹೊರೆ ತಾಳಲಾರದ ಸ್ಥಿತಿ ಎನ್ನಲಾಗದು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1982ರ 158ನೇ ಒಡಂಬಡಿಕೆಯು ಕಾಯಿಲೆಯಿಂದಾಗುವ ತಾತ್ಕಾಲಿಕ ಗೈರುಹಾಜರಿಯನ್ನು ಕೆಲಸದಿಂದ ತೆಗೆಯಲು ತಕ್ಕ ಕಾರಣವೆಂದು ಒಪ್ಪುವುದಿಲ್ಲ. ಎಲ್ಲ ದೇಶಗಳೂ ಅದಕ್ಕೆ ಸಹಿ ಹಾಕಿಲ್ಲ, ನಿಮಗೆ ಅನ್ವಯಿಸುವ ಕಾನೂನನ್ನು ವಕೀಲರಲ್ಲಿ ಕೇಳಿಕೊಳ್ಳಿ. ನ್ಯಾಯ ಯಾವ ಕಡೆಗಿದೆ ಎಂಬುದರಲ್ಲಿ ಮಾತ್ರ ನನಗೆ ಅನುಮಾನವಿಲ್ಲ.

ಇನ್ನೊಮ್ಮೆ ಮೂರ್ಛೆ ಬಂದರೆ ಏನು ಮಾಡಬೇಕೆಂಬುದು, ಅವರು ಒಪ್ಪಿದರೆ, ಜೊತೆಯಲ್ಲಿ ದುಡಿಯುವ ಒಬ್ಬಿಬ್ಬರಿಗೆ ತಿಳಿದಿರಲಿ. ಸುತ್ತಲಿನ ಗಟ್ಟಿ, ಚೂಪು ವಸ್ತುಗಳನ್ನು ಸರಿಸಬೇಕು, ತಲೆಯ ಕೆಳಗೆ ಮೆತ್ತಗಿನದೇನನ್ನಾದರೂ ಇಡಬೇಕು, ಅದುಮಿ ಹಿಡಿಯಬಾರದು, ಬಾಯಿಗೆ ಏನನ್ನೂ ತುರುಕಬಾರದು, ಸೆಳೆತ ನಿಂತ ಮೇಲೆ ಮಗ್ಗುಲಿಗೆ ಮಲಗಿಸಬೇಕು. ಸೆಳೆತ 5 ನಿಮಿಷ ಮೀರಿದರೆ ಆಂಬುಲೆನ್ಸ್ ಕರೆಸಬೇಕು.

ಪತ್ರದ ಕೊನೆಯಲ್ಲಿ ನೀವು ಇನ್ನೊಂದು ವಿಷಯ ಸೇರಿಸಿದ್ದೀರಿ: ಉಳಿದ ಹನ್ನೊಂದು ಮಂದಿಯೂ ತಮಗಿರುವ ಕಾಯಿಲೆಗಳನ್ನು ವಾರದೊಳಗೆ ಬರೆದುಕೊಡಬೇಕು, ಮುಚ್ಚಿಟ್ಟರೆ ಕೆಲಸವಿಲ್ಲ ಎಂಬ ನೋಟಿಸನ್ನು ಬರೆದಿಟ್ಟಿದ್ದೀರಿ, ಹಾಕಲೇ ಎಂದು. ದಯವಿಟ್ಟು ಹಾಕಬೇಡಿ. ಆರು ವರ್ಷ ಆ ಮನುಷ್ಯ ಬಾಯಿ ಬಿಡದೆ ಇದ್ದುದು ನಿಮ್ಮನ್ನು ವಂಚಿಸಲು ಎಂದು ನನಗನ್ನಿಸುವುದಿಲ್ಲ. ಹೇಳಿದ ದಿನವೇ ಸಂಬಳ ನಿಂತೀತೆಂಬ ಭಯ ಅವರಿಗಿತ್ತು, ನಿಮ್ಮ ನೋಟಿಸು ಆ ಭಯ ನಿಜವೆಂದು ಗೋಡೆಯ ಮೇಲೆ ಬರೆದು ತೋರಿಸುತ್ತದೆ. ಅದನ್ನು ಓದಿದ ಹನ್ನೊಂದು ಮಂದಿ ಇನ್ನಷ್ಟು ಜೋಪಾನವಾಗಿ ಮುಚ್ಚಿಡುತ್ತಾರೆ. ಆ ಜಾಗದಲ್ಲಿ, ಕಾಯಿಲೆಯ ದಿನಗಳಿಗೆ ವರ್ಷಕ್ಕೆ ಎಷ್ಟು ದಿನ ಸಂಬಳ ಸಹಿತ ರಜೆ ಕೊಡಬಲ್ಲಿರಿ, ಯಾರಲ್ಲಿ ಹೇಳಿಕೊಂಡರೆ ವಿಷಯ ಹೊರಗೆ ಹೋಗುವುದಿಲ್ಲ ಎಂಬುದನ್ನು ಬರೆದು ಹಾಕಿ. ಅವರು ಮೊದಲು ನೋಡುವುದು ಯಂತ್ರದ ಬಳಿ ಬಿದ್ದ ತಮ್ಮ ಜೊತೆಗಾರ ಮರಳಿ ಬಂದರೋ ಇಲ್ಲವೋ ಎಂಬುದನ್ನು.

ಇಂತಿ,
ಸಂಪಾದಕ